ಮಕ್ಕಿಗದ್ದೆಗೆ ಇಳಿದ ಮದುವೆ ಹೆಲಿಕಾಪ್ಟರ್

ಹೆಲಿಕಾಪ್ಟರಿನ ಮೂತಿಗೆ ಯಾರೋ ಕುಂಕುಮ ಹಚ್ಚಿ, ಮುರಿದ ಬಾಲಕ್ಕೆ ಸೇವಂತಿಗೆ ಹಾರ ಹಾಕಿದ್ದರು.

ಅಪಘಾತದ ಜಾಗವನ್ನು ಯಾರೂ ಮುಟ್ಟಬಾರದು, ಒಂದು ನಟ್ಟು ಬಿದ್ದಿದ್ದರೂ ಬಿದ್ದ ಕಡೆಯೇ ಇರಬೇಕು ಎಂದು ನಾವು ಫೋನಿನಲ್ಲಿ ಬಡಕೊಂಡಿದ್ದೆವು. ಬಂದು ನೋಡಿದರೆ ಊದುಬತ್ತಿ ಬೇರೆ ಉರಿಯುತ್ತಿದೆ! ಪೆಟ್ರೋಲ್ ತೊಟ್ಟಿ ಇರುವ ಯಂತ್ರದ ಪಕ್ಕದಲ್ಲಿ ಊದುಬತ್ತಿ.

"ಇದನ್ನ ಯಾರ್ರೀ ಮಾಡಿದ್ದು?" ಎಂದು ಗದರಿದೆ.

ಕಾವಲಿಗಿದ್ದ ಪೊಲೀಸಪ್ಪ ಓಡಿಹೋಗಿ ಊದುಬತ್ತಿ ಕಿತ್ತು ಕೆಸರಿಗೆ ಅದ್ದಿದ. "ಮದುಮಕ್ಕಳನ್ನ ಉಳಿಸ್ತಲ್ಲ ಸಾರ್, ಊರವ್ರು ಪೂಜೆ ಮಾಡ್ತೀವಿ ಅಂದ್ರು. ಬ್ಯಾಡ ಅನ್ನಕ್ಕಾಗ್ಲಿಲ್ಲ. ಆದ್ರೆ ಕಾಯಿ ಒಡೆಯಕ್ಕೆ ಮಾತ್ರ ನಾನು ಬಿಡ್ಲೇ ಇಲ್ಲ, ನೋಡಿ!" ಎಂದು ದೊಡ್ಡ ಸಾಧನೆ ಮಾಡಿದವನಂತೆ ಎದೆ ಸೆಟೆಸಿದ. ಬೈಯಬೇಕೆಂದಿದ್ದವನಿಗೆ ನಗು ಬಂದುಬಿಟ್ಟಿತು.

ವಿಮಾನ, ಹೆಲಿಕಾಪ್ಟರುಗಳು ಬಿದ್ದರೆ ಏಕೆ ಬಿದ್ದವು ಎಂದು ಹುಡುಕುವುದು ನನ್ನ ನೌಕರಿ. ಆ ಸಲ ನಾನೂ ನನ್ನ ಜೊತೆಗಾರ ಎಂಜಿನಿಯರೂ ಮಂಗಳೂರಿನಲ್ಲಿ ಬೇರೊಂದು ಕೆಲಸದಲ್ಲಿದ್ದೆವು. ಅಲ್ಲಿಂದ ನೇರ ಹೊಸನಗರಕ್ಕೆ ಹೋಗಿ ಎಂದು ಆಫೀಸಿನಿಂದ ಹೇಳಿದರು. ಆಗುಂಬೆ ಘಾಟಿ ಹತ್ತುವಾಗ ಮುಂಗಾರಿಗೆ ಮೊದಲಿನ ಮಳೆ ಸುರಿಯುತ್ತಿತ್ತು. ನಾನು ಬಯಲುಸೀಮೆಯವನು, ಮಳೆ ಕಂಡರೆ ಎಳೆಗರುವಿನ ಹಾಗೆ ಕುಣಿಯುತ್ತೇನೆ. ಜೀಪು ನಿಲ್ಲಿಸಿ, ಚೆನ್ನಾಗಿ ನೆನೆದು, ಹೊಸನಗರ ಮುಟ್ಟುವಷ್ಟರಲ್ಲಿ ಮೂಗು ಕಟ್ಟಿಸಿಕೊಂಡು ಕೂತಿದ್ದೆ. ಈ ಕಟ್ಟಿದ ಮೂಗು ಮುಂದೆ ಎಂಥ ಕೆಲಸ ಮಾಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ನಡೆದದ್ದು ಇಷ್ಟು. ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ. ಗಂಡಿನ ಊರು ಸಾಗರದ ಕಡೆ. ಹುಡುಗಿಯನ್ನು ಹೆಲಿಕಾಪ್ಟರಿನಲ್ಲೇ ಮನೆ ತುಂಬಿಸಿಕೊಳ್ಳಬೇಕು ಎಂದು ಗಂಡಿನ ಕಡೆಯವರಿಗೆ ಆಸೆ. ಒಂದು ಸಣ್ಣ ಕಂಪನಿಯಿಂದ ನಾಲ್ಕು ಸೀಟಿನ ಪುಟ್ಟ ಹೆಲಿಕಾಪ್ಟರ್ ಗೊತ್ತು ಮಾಡಿದರು. ಊಟ ಮುಗಿಸಿ ಮದುಮಕ್ಕಳು ಹತ್ತಿದರು. ಹೊಸನಗರದ ಹತ್ತಿರ ಬಂದಾಗ ಮದುಮಗ, "ಮೇಡಂ, ಶರಾವತಿ ಹಿನ್ನೀರು ಸ್ವಲ್ಪ ಹತ್ರದಿಂದ ತೋರ್ಸಿ" ಎಂದನಂತೆ. ಪೈಲಟ್ ಎಂಜಿನ್ನಿನ ಶಕ್ತಿ ತಗ್ಗಿಸಿ, ಮೂತಿ ಕೆಳಗೆ ಮಾಡಿ, ಒಂದು ಸುತ್ತು ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲು ಬಿದ್ದ ಹಾಗೆ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ಮೇಲಿನ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರ ಬಂದಾಗ ಆ ತಿರುಗಾಟದ ಬಲವನ್ನೆಲ್ಲ ಒಂದೇ ಸಲಕ್ಕೆ ಬಳಸಿಕೊಂಡು ಮೆತ್ತಗೆ ಕೂರಿಸಬೇಕು. ಮೊದಲೇ ಬಳಸಿದರೆ ಮೇಲಿನಿಂದ ಬೀಳುತ್ತೀರಿ, ತಡವಾದರೆ ನೆಲಕ್ಕೆ ಬಡಿಯುತ್ತೀರಿ. ಇನ್ನೊಂದು ಸಲ ಮಾಡುತ್ತೇನೆ ಎಂದರೆ ಆಗುವುದಿಲ್ಲ. ಸುತ್ತ ಕಾಡು, ಗುಡ್ಡ, ನೀರು. ಅದರ ನಡುವೆ ಆಕೆ ಮಳೆನೀರನ್ನೇ ನಂಬಿದ ಒಂದು ಮಕ್ಕಿಗದ್ದೆಯನ್ನು ಆರಿಸಿ ಇಳಿಸಿದ್ದಳು. ಇಳಿದದ್ದೂ ಸರಿಯಾಗಿಯೇ. ಆದರೆ ಜಾರಿಕೊಂಡು ಹೋಗಿ ಒಂದು ಕಾಲು ಗದ್ದೆಯ ಅಂಚಿಗೆ ತಾಗಿ, ಹೆಲಿಕಾಪ್ಟರ್ ಪಕ್ಕಕ್ಕೆ ವಾಲಿ ಬಾಲ ಮುರಿದಿತ್ತು. ಮದುಮಗಳ ಬಳೆ ಒಡೆದವು, ಮದುಮಗನ ಪೇಟ ಹಾರಿತು, ಪೈಲಟ್ ಕೈ ಉಳುಕಿತು. ಅಷ್ಟೇ!

ಪೈಲಟ್ ಹುಬ್ಬಳ್ಳಿ ಕಡೆಯ ಹುಡುಗಿ. ಹೊಸನಗರದ ಲಾಡ್ಜಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಎದುರಿಗಿದ್ದ ಮೇಜಿನ ಮೇಲೆ ಸಾಲಾಗಿ ಊಟದ ಕ್ಯಾರಿಯರುಗಳು. ಗಂಡಿನ ಮನೆಯವರು ಒಂದು, ಹೆಣ್ಣಿನ ಮನೆಯವರು ಒಂದು, ಗದ್ದೆಯ ಯಜಮಾನ ಒಂದು ಕಳಿಸಿದ್ದರಂತೆ.

"ಸರ್, ಊಟಾ ಮಾಡ್ರಿ ಮೊದ್ಲ. ನನಗ ಒಬ್ಬಾಕಿಗೆ ಇದು ಮುಗಿಯಂಗಿಲ್ಲ" ಎಂದಳು. ನಗುತ್ತಲೇ ಹೇಳಿದರೂ ಕಣ್ಣು ಕೆಂಪಾಗಿತ್ತು.

ಏಕೆಂದು ನನಗೆ ಗೊತ್ತಿತ್ತು. ಅವಳ ಕಂಪನಿಯ ಮ್ಯಾನೇಜರ್ ನಮಗಿಂತ ಮೊದಲೇ ಬಂದು, ಕೆಸರಿನಲ್ಲಿ ಬಿಳಿ ಬೂಟು ಹಾಳು ಮಾಡಿಕೊಂಡು, ತನ್ನ ತೀರ್ಪು ಕೊಟ್ಟು ಮುಗಿಸಿದ್ದ. "ಕಾರ್ಬ್ ಹೀಟ್ ಹಾಕಿಲ್ಲ ಸರ್ ಅವಳು. ಮಂಜು ಕಟ್ಟಿದೆ. ನಿಮ್ಮ ಮೊದಲ ವರದಿಯಲ್ಲಿ ಅಷ್ಟು ಬರೀರಿ ಸಾಕು, ನಾವು ಅವಳನ್ನ ಮನೆಗೆ ಕಳಿಸ್ತೀವಿ."

ಅವನು ಹೇಳಿದ್ದು ತಳಬುಡವಿಲ್ಲದ ಮಾತೇನಲ್ಲ. ಇಂಥ ಎಂಜಿನ್ನಿನ ಕಾರ್ಬ್ಯುರೇಟರ್ ಒಳಗೆ ಗಾಳಿ, ಪೆಟ್ರೋಲ್ ಸೇರುವ ಜಾಗ ಬಹಳ ತಣ್ಣಗಾಗುತ್ತದೆ. ಹೊರಗೆ ಬೆವರು ಸುರಿಯುವ ಸೆಕೆಯಿದ್ದರೂ ಗಾಳಿಯಲ್ಲಿ ತೇವವಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿಕೊಂಡು ಎಂಜಿನ್ ಉಸಿರುಗಟ್ಟುತ್ತದೆ. ಶಕ್ತಿ ತಗ್ಗಿಸಿ ಇಳಿಯುವಾಗಲಂತೂ ಇನ್ನೂ ಹೆಚ್ಚು. ಅದಕ್ಕೇ ಬಿಸಿ ಗಾಳಿ ಬಿಡುವ ಒಂದು ಹಿಡಿ ಇರುತ್ತದೆ, ಪೈಲಟ್ ಅದನ್ನು ಎಳೆಯಬೇಕು. ಮಲೆನಾಡಿನ ಮೇ ತಿಂಗಳ ಕೊನೆಯ ಗಾಳಿ ಹಿಂಡಿದರೆ ನೀರು ಸುರಿಯುವಂತಿರುತ್ತದೆ. ಮಂಜು ಕರಗಿಹೋದ ಮೇಲೆ ಸಾಕ್ಷಿಯೂ ಉಳಿಯುವುದಿಲ್ಲ. ಹಾಗೆ ಬರೆದುಬಿಟ್ಟರೆ ಆ ಹುಡುಗಿಯ ಹಾರಾಟ ಅಲ್ಲಿಗೇ ಮುಗಿಯಿತು, ಅಂಥ ಹೆಸರು ಹೊತ್ತವಳನ್ನು ಬೇರೆ ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ಹಿಡಿ ಎಳೆದಿದ್ದಿರಾ?" ಎಂದು ಕೇಳಿದೆ.

"ಎಳದಿದ್ದೆ ರೀ. ಇಳೀಲಿಕ್ಕೆ ಶುರು ಮಾಡೂ ಮೊದ್ಲ ಎಳದಿದ್ದೆ."

ಹಿಡಿ ಎಳೆದ ಸ್ಥಿತಿಯಲ್ಲೇ ಸಿಕ್ಕಿತ್ತು, ನಿಜ. ಆದರೆ ಬಿದ್ದ ರಭಸಕ್ಕೆ ಹಿಡಿಗಳು ಎತ್ತೆತ್ತಲೋ ಜರುಗುತ್ತವೆ. ಅದನ್ನು ಸಾಕ್ಷಿ ಎಂದು ನಾವು ನಂಬುವಂತಿಲ್ಲ.

"ಹಾರೋ ಮೊದಲು ಪೆಟ್ರೋಲಿನಲ್ಲಿ ನೀರಿದೆಯಾ ಅಂತ ನೋಡಿದ್ರಾ?"

"ನೋಡೇನ್ರಿ ಸರ್. ನೀಲೀನ ಇತ್ತು. ತಳದಾಗ ಗೆರಿ ಏನೂ ಇರ್ಲಿಲ್ಲ."

ನೀಲಿ ಎಂದರೆ ಏನೆಂದು ಹೇಳಬೇಕು. ಇಂಥ ಎಂಜಿನ್ನಿಗೆ ಹಾಕುವ ಪೆಟ್ರೋಲೇ ಬೇರೆ, ಗುರುತಿಗೆಂದು ಅದಕ್ಕೆ ತಿಳಿನೀಲಿ ಬಣ್ಣ ಸೇರಿಸಿರುತ್ತಾರೆ. ಹಾರುವ ಮೊದಲು ಪೈಲಟ್ ತೊಟ್ಟಿಯ ತಳದ ಪುಟ್ಟ ವಾಲ್ವ್ ಒತ್ತಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟುಕೊಂಡು ನೋಡುತ್ತಾರೆ. ನೀರು ಭಾರ, ತಳದಲ್ಲಿ ಕೂರುತ್ತದೆ. ಸ್ವಲ್ಪ ನೀರಿದ್ದರೆ ನೀಲಿಯ ಕೆಳಗೆ ಬಣ್ಣವಿಲ್ಲದ ಒಂದು ಪದರ ಕಾಣುತ್ತದೆ. ಲೋಟದ ತುಂಬ ನೀರೇ ಬಂದರೆ ನೀಲಿಯೇ ಇರುವುದಿಲ್ಲ. ಮಗುವಿಗೂ ತಿಳಿಯುವ ಪರೀಕ್ಷೆ.

ಮಾರನೆಯ ಬೆಳಿಗ್ಗೆ ಅದನ್ನೇ ನಾನೂ ಮಾಡಿದೆ. ವಾಲಿದ್ದ ಹೆಲಿಕಾಪ್ಟರನ್ನು ಊರವರೆಲ್ಲ "ಐಸಾ" ಎಂದು ಕೂಗುತ್ತ ನೇರ ನಿಲ್ಲಿಸಿಕೊಟ್ಟರು. ಗದ್ದೆಯ ಅಂಚಿನಲ್ಲಿ ಅಷ್ಟರಲ್ಲೇ ಒಂದು ಚಹಾ ಅಂಗಡಿ ಎದ್ದಿತ್ತು, ಮಂಡಕ್ಕಿ ಬೇರೆ. ತೊಟ್ಟಿಯ ಮೇಲಿನಿಂದ ಪೆಟ್ರೋಲನ್ನೆಲ್ಲ ಬ್ಯಾರಲ್ಲಿಗೆ ಎಳೆದು ಕೊನೆಗೆ ತಳದ ವಾಲ್ವ್ ಒತ್ತಿ ಗಾಜಿನ ಬಾಟಲಿಗೆ ಹಿಡಿದೆ. ಬಿಸಿಲಿಗೆ ಎತ್ತಿ ನೋಡಿದೆ. ನೀಲಿ. ಗೆರೆಯಿಲ್ಲ, ಕಸವಿಲ್ಲ. ಮೂಸಿ ನೋಡುವುದೂ ಕ್ರಮವೇ, ಆದರೆ ನನ್ನ ಮೂಗು ಆಗುಂಬೆಯಲ್ಲೇ ಉಳಿದಿತ್ತು. ಜೊತೆಗಾರನಿಗೆ ಹಿಡಿದೆ. "ಗದ್ದೆಯೆಲ್ಲ ಪೆಟ್ರೋಲ್ ವಾಸನೆ, ಇದರದ್ದು ಯಾವುದು ಅಂತ ಹೇಳಲಿ" ಎಂದ. ಅದೂ ಸರಿಯೇ. ಬಾಟಲಿಗೆ ಮೊಹರು ಹಾಕಿ, "ಪೆಟ್ರೋಲ್ ಸರಿಯಿದೆ" ಎಂದು ಹೇಳಿಬಿಟ್ಟೆ. ಮ್ಯಾನೇಜರ್ ಮುಖ ಊರಗಲ ಅರಳಿತು. ಪೆಟ್ರೋಲ್ ಸರಿಯಿದ್ದ ಮೇಲೆ ಉಳಿದದ್ದು ಮಂಜೇ ತಾನೆ?

ಪೈಲಟ್ ಹುಡುಗಿ ಚಹಾ ಲೋಟ ಹಿಡಿದುಕೊಂಡು ಗುಡ್ಡದ ಕಡೆ ನೋಡುತ್ತ ನಿಂತಳು. ನನಗೆ ಬಹಳ ಕೆಡುಕೆನಿಸಿತು. ಆದರೆ ಕೆಡುಕೆನಿಸಿತು ಎಂದು ವರದಿಯಲ್ಲಿ ಬರೆಯಲಿಕ್ಕಾಗುವುದಿಲ್ಲ.

ಈ ತೀರ್ಮಾನವನ್ನು ಕೆಡಿಸಿದವನು ಮದುಮಗ. ಅವನು ಪೂರ್ತಿ ಪ್ರಯಾಣ ಹೆಂಡತಿಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದನಂತೆ. ಮದುಮಗಳ ಮೂಗುತಿ, ಮದುಮಗಳ ಜಡೆ, ಮದುಮಗಳ ನಗು. ನೋಡಿ ನೋಡಿ ನಮಗೇ ನಾಚಿಕೆಯಾಯಿತು. ಆದರೆ ಚಿತ್ರದ ಹಿಂದೆ ಎಂಜಿನ್ನಿನ ಸದ್ದು ಸ್ಪಷ್ಟವಾಗಿತ್ತು. ಜೊತೆಗಾರ ಕಣ್ಣು ಮುಚ್ಚಿಕೊಂಡು ಮತ್ತೆ ಮತ್ತೆ ಕೇಳಿದ. ಅವನು ಮಿತಭಾಷಿ. ಯಾವುದಕ್ಕೂ "ನೋಡೋಣ" ಎನ್ನುವುದು ಬಿಟ್ಟರೆ ಹೆಚ್ಚು ಮಾತಿಲ್ಲ. ಅಂಥವನು ಬಾಯಿಬಿಟ್ಟ. "ಮಂಜಾದರೆ ನಿಧಾನಕ್ಕೆ ಸೊರಗಬೇಕು. ಇದು ನಲ್ಲಿ ನಿಲ್ಲಿಸಿದ ಹಾಗೆ ನಿಂತಿದೆ."

ನಿಜ. ಹಾಗೆ ತಟ್ಟನೆ ನಿಲ್ಲುವುದು ಎಂಜಿನ್ನಿನ ಒಳಗೆ ನೀರು ಹೋದಾಗ. ಆದರೆ ನೀರಿಲ್ಲ ಎಂದು ನಾನೇ ಕಣ್ಣಾರೆ ನೋಡಿದ್ದೇನಲ್ಲ!

ಎಂಜಿನ್ನನ್ನು ಹಾಗೇ ಕಟ್ಟಿ ಬೆಂಗಳೂರಿಗೆ ಕಳಿಸಿ, ಅಷ್ಟರಲ್ಲಿ ಮೊದಲ ವರದಿ ಬರೆದುಕೊಡುವುದು ವಾಡಿಕೆ. ಮ್ಯಾನೇಜರನೂ ಆಫೀಸಿನವರೂ ಅದನ್ನೇ ಕೇಳುತ್ತಿದ್ದರು. ಆ ವರದಿಯಲ್ಲಿ ಮಂಜು ಎಂಬ ಶಬ್ದ ಒಮ್ಮೆ ಬಿತ್ತೆಂದರೆ ಆಮೇಲೆ ತೆಗೆಯುವುದು ಕಷ್ಟ. ನಾನು ಆಫೀಸಿಗೆ ಫೋನ್ ಮಾಡಿ, ಪೆಟ್ರೋಲ್ ಹರಿಯುವ ದಾರಿಯನ್ನು ಪೂರ್ತಿ ಬಿಚ್ಚಿ ನೋಡುವ ತನಕ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದೆ. ಬೈಸಿಕೊಂಡೆ. ಬೈಸಿಕೊಳ್ಳುವುದು ನನಗೆ ಹೊಸದೇನಲ್ಲ.

ಅವಶೇಷವನ್ನು ಲಾರಿಗೆ ಹಾಕಿ ಸಾಗರಕ್ಕೆ ತಂದೆವು. ಅಲ್ಲಿ ಲಾರಿ ಗ್ಯಾರೇಜೊಂದರಲ್ಲಿ ಸರಪಳಿ ರಾಟೆ, ಒಳ್ಳೆ ಬೆಳಕು, ಬೀಗ ಹಾಕಬಹುದಾದ ಶೆಡ್ಡು ಎಲ್ಲ ಇತ್ತು. ಎದುರಿಗೆ ಹೋಟೆಲು, ಅಲ್ಲಿಯ ನೀರುದೋಸೆಯ ಬಗ್ಗೆ ಬೇರೆಯೇ ಬರೆಯಬೇಕು. ತೊಟ್ಟಿಯಿಂದ ಶುರು ಮಾಡಿ ಒಂದೊಂದೇ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಜೋಡಿಸುತ್ತ ಹೋದೆವು. ಕೊಳವೆ ಸರಿ. ಜರಡಿಯಲ್ಲಿ ಕಸವಿಲ್ಲ. ಕಾರ್ಬ್ಯುರೇಟರ್ ಬಟ್ಟಲಿನ ತಳದಲ್ಲಿ ಒಂದಿಷ್ಟು ನೀಲಿ ದ್ರವ, ಬಟ್ಟಲಿನ ಒಳಮೈಯಲ್ಲಿ ಮಾತ್ರ ಸಿಡುಬಿನ ಕಲೆಯಂಥ ಚುಕ್ಕೆಗಳು. ಕೊನೆಗೆ ಜೊತೆಗಾರ ತೊಟ್ಟಿಯ ತಳದ ವಾಲ್ವನ್ನೇ ಬಿಚ್ಚಿದ. ಪೈಲಟ್ ಒತ್ತಿದ್ದು ಅದನ್ನೇ, ನಾನು ಒತ್ತಿದ್ದೂ ಅದನ್ನೇ. ಒಳಗಿದ್ದ ಪುಟ್ಟ ಸ್ಪ್ರಿಂಗ್ ಉದುರಿ ಬಟ್ಟೆಯ ಮೇಲೆ ಬಿತ್ತು. ಅದು ಕೆಂಪಗಿತ್ತು.

"ತುಕ್ಕು" ಎಂದೆ.

ಜೊತೆಗಾರ ಇಕ್ಕಳದಲ್ಲಿ ಎತ್ತಿ ಹಿಡಿದ. ಅದು ತುಕ್ಕಿನ ಬಣ್ಣವಲ್ಲ. ಹೊಸ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದಾಗ ಬರುತ್ತದಲ್ಲ, ಆ ಬಣ್ಣ. ಆಯಸ್ಕಾಂತ ತೋರಿಸಿದ, ಅಂಟಿಕೊಂಡಿತು. ಉಗುರಿನಿಂದ ಕೆರೆದ, ಒಳಗೆ ಬೆಳ್ಳಗಿನ ಉಕ್ಕು. ಉಕ್ಕಿನ ಸ್ಪ್ರಿಂಗಿಗೆ ತಾಮ್ರದ ಅಂಗಿ ತೊಡಿಸಿದವರು ಯಾರು?

ನಾನು ಚಹಾ ಕುಡಿಯುತ್ತ ಅದನ್ನೇ ನೋಡುತ್ತ ಕೂತೆ. ಹಾಗೆ ಕೂತವನಿಗೆ ಹೈಸ್ಕೂಲಿನ ವಿಜ್ಞಾನದ ಮೇಜು ನೆನಪಾಯಿತು. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದರೊಳಗೆ ದಾರ ಕಟ್ಟಿ ಇಳಿಬಿಟ್ಟ ಕಬ್ಬಿಣದ ಮೊಳೆ, ಮೇಲೆತ್ತಿದರೆ ಮೊಳೆ ಕೆಂಪು. ಕಾಪರ್ ಸಲ್ಫೇಟ್! ನಮ್ಮ ಮಾತಿನಲ್ಲಿ ಮೈಲುತುತ್ತ. ನೀರಿಗೆ ಹಾಕಿದರೆ ಅದರ ಬಣ್ಣ ಯಾವುದು? ನೀಲಿ!

"ಏಯ್, ಆ ಬಾಟಲಿ ತಗೊಂಬಾ ಮಾರಾಯ!" ಎಂದು ಕೂಗಿದ ರಭಸಕ್ಕೆ ಚಹಾ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ.

ಲ್ಯಾಬಿಗೆ ಹೋಗಬೇಕಾದ ಬಾಟಲಿಯ ಮೊಹರು ಮುಟ್ಟಲಿಲ್ಲ. ಕಾರ್ಬ್ಯುರೇಟರ್ ಬಟ್ಟಲಿನಿಂದ ತೆಗೆದಿಟ್ಟಿದ್ದ ದ್ರವದಲ್ಲಿ ಒಂದು ಹನಿ ಅಂಗೈ ಮೇಲೆ ಹಾಕಿಕೊಂಡೆ. ಪೆಟ್ರೋಲಾದರೆ ತಣ್ಣಗೆ ಕೊರೆದು ಕಣ್ಣೆದುರೇ ಹಾರಿಹೋಗಬೇಕು. ಇದು ಹಾಗೇ ಕೂತಿತ್ತು. ಶೆಡ್ಡಿನಿಂದ ದೂರ ಹೋಗಿ ಕಲ್ಲಿನ ಮೇಲೆ ನಾಲ್ಕು ಹನಿ ಹಾಕಿ, ಉದ್ದ ಕೋಲಿನ ತುದಿಗೆ ಬೆಂಕಿಕಡ್ಡಿ ಕಟ್ಟಿ ಗೀರಿ, ಮುಖ ತಿರುಗಿಸಿಕೊಂಡು ಚಾಚಿದೆವು. ಕಡ್ಡಿ ಚುಂಯ್ ಎಂದು ಆರಿಹೋಯಿತು. ಕೊನೆಗೆ ನನ್ನ ಜೇಬಿನಲ್ಲಿದ್ದ ಒಂದು ಸೇಫ್ಟಿಪಿನ್ನಿನ ಹೊಳಪನ್ನು ಉಜ್ಜಿ ತೆಗೆದು ಉಳಿದ ದ್ರವಕ್ಕೆ ಹಾಕಿಟ್ಟೆ. ದೋಸೆ ತಿಂದು ಬರುವಷ್ಟರಲ್ಲಿ ಪಿನ್ನು ಕೆಂಪಾಗಿ ಕೂತಿತ್ತು.

ಮಿತಭಾಷಿ ಜೊತೆಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಲೋಟದ ತುಂಬ ನೀರೇ ಬಂದಿತ್ತು, ಅದಕ್ಕೇ ಗೆರೆ ಕಾಣಲಿಲ್ಲ. ನೀರಿಗೆ ಬಣ್ಣವಿರುವುದಿಲ್ಲ ಎಂಬ ಒಂದು ಮಾತನ್ನು ನಂಬಿ ಆ ಹುಡುಗಿ ಮೋಸಹೋದಳು, ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನೂ ಮೋಸಹೋದೆ. ನೀರು ತೊಟ್ಟಿಯ ತಳದಲ್ಲಿ, ಎಂಜಿನ್ನಿಗೆ ಹೋಗುವ ಕೊಳವೆಯ ಬಾಯಿಗಿಂತ ಕೆಳಗೆ ತೆಪ್ಪಗೆ ಕೂತಿತ್ತು. ಮದುಮಕ್ಕಳಿದ್ದಾರೆಂದು ಆಕೆ ಮೆಲ್ಲಗೆ ಎಬ್ಬಿಸಿ ನೇರವಾಗಿ ಹಾರಿಸಿದಷ್ಟು ಹೊತ್ತೂ ಅದು ಅಲುಗಲಿಲ್ಲ. ಹಿನ್ನೀರು ತೋರಿಸಲು ಮೂತಿ ಬಗ್ಗಿಸಿ ತಿರುಗಿಸಿದಾಗ ಮುಂದಕ್ಕೆ ಹರಿದು ಕೊಳವೆಗೆ ನುಗ್ಗಿತು.

ಇನ್ನುಳಿದದ್ದು ಒಂದೇ ಪ್ರಶ್ನೆ. ಹೆಲಿಕಾಪ್ಟರಿನ ತೊಟ್ಟಿಗೆ ಮೈಲುತುತ್ತ ಬಂದದ್ದೆಲ್ಲಿಂದ?

ಪೈಲಟ್ಟಿಗೆ ಫೋನ್ ಮಾಡಿ, "ಪೆಟ್ರೋಲ್ ತುಂಬುವಾಗ ನೀವೆಲ್ಲಿದ್ರಿ?" ಎಂದೆ.

"ಊಟಕ್ಕ ಕುಂದರ್ಸಿದ್ರು ರೀ. ನಾ ಒಲ್ಲೆ ಒಲ್ಲೆ ಅಂದೆ. ಮದುವಿ ಮನಿಗೆ ಬಂದು ಉಣ್ಣದ ಹೋಗೂಹಂಗಿಲ್ಲ ಅಂತ ಮದುಮಗಳ ಅಮ್ಮಾರು ಕೈ ಹಿಡದ ಕುಂದರ್ಸಿ, ಮ್ಯಾಲಿಂದ ಮ್ಯಾಲ ಹೋಳಿಗಿ ಬಡಿಸಿದ್ರು. ಬರೂದ್ರಾಗ ನಮ್ಮ ಕಂಪನಿ ಮೆಕ್ಯಾನಿಕ್ ಎಲ್ಲಾ ತುಂಬಿ ಮುಗಿಸಿದ್ದ."

ಅವಳನ್ನು ಹೊಸನಗರದಲ್ಲಿ ಹತ್ತಿಸಿಕೊಂಡು ತೀರ್ಥಹಳ್ಳಿಯ ದಾರಿ ಹಿಡಿದೆವು. ವಿಷಯ ಹೇಳಿದಾಗ ಅವಳು, "ಅಂದ್ರ ನಾ ಸುಳ್ಳು ಹೇಳಿಲ್ಲಲ್ರಿ ಸರ್" ಎಂದಳು. ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನೂ ಮೂಗೊರೆಸಿಕೊಂಡು ನೆಗಡಿಯ ಮೇಲೆ ಹಾಕಿದೆ.

ಮದುವೆ ಮನೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಹೆಲಿಕಾಪ್ಟರ್ ನಿಂತಿದ್ದ ಬಯಲು ರಸ್ತೆಯಿಂದ ತೀರಾ ಕೆಳಗೆ, ನಡುವೆ ಕಾಲುದಾರಿ. ನೋಡಿದೊಡನೆ ಅರ್ಥವಾಯಿತು. ಪೆಟ್ರೋಲ್ ಬ್ಯಾರಲ್ ತಂದ ಕಂಪನಿಯ ಟೆಂಪೋ ಅವತ್ತು ಮೇಲೇ ನಿಂತಿರಬೇಕು, ಬ್ಯಾರಲ್ ಇಳಿಸಲಾಗುವುದಿಲ್ಲ, ಪಂಪಿನ ಪೈಪು ಅಷ್ಟು ದೂರ ಬರುವುದಿಲ್ಲ. ಹಾಗಾದರೆ ಪೆಟ್ರೋಲ್ ಕೆಳಗೆ ಬಂದದ್ದು ಹೇಗೆ?

"ಹೆಂಗೆ ಅಂದ್ರೆ? ನಮ್ಮೂರವ್ರೇ ಹೊತ್ಕಂಡು ಬಂದ್ರು!" ಎಂದು ಹೆಣ್ಣಿನ ತಂದೆ ಹೆಮ್ಮೆಯಿಂದ ಹೇಳಿದರು. "ಆ ಮೆಕ್ಯಾನಿಕ್ಕು ತಲೆ ಮೇಲೆ ಕೈ ಹೊತ್ಕಂಡು ಕೂತಿದ್ದ ಮಾರಾಯ್ರೆ. ನಾವೇ, ಹೆದ್ರಬೇಡ ಅಂತ ಹೇಳಿ, ನಾಕು ಮನೆ ಕ್ಯಾನು ಒಟ್ಟು ಮಾಡಿ, ಒಂದು ಗಳಿಗೇಲಿ ಇಳಿಸಿಕೊಟ್ವಿ. ನಮ್ಮಲ್ಲಿ ಮದುವೆ ಅಂದ್ರೆ ಹಂಗೇ, ಒಬ್ರ ಮನೆ ಕೆಲ್ಸ ಅಲ್ಲ ಅದು."

ಪಕ್ಕದ ಅಡಿಕೆ ತೋಟದಲ್ಲಿ ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ನಡೆದಿತ್ತು. ಮನೆಯ ಹಿಂದೆ ಸಾಲಾಗಿ ಪ್ಲಾಸ್ಟಿಕ್ ಕ್ಯಾನುಗಳು. ಔಷಧಿಗೆ ಬೇಕಾದ ಮೈಲುತುತ್ತವನ್ನು ಅವುಗಳಲ್ಲೇ ನೆನೆಹಾಕುತ್ತಾರೆ, ಕಬ್ಬಿಣದ ಪಾತ್ರೆಯಾದರೆ ಅದು ತಿಂದುಹಾಕುತ್ತದೆ. ಕಾರ್ಬ್ಯುರೇಟರ್ ಬಟ್ಟಲಿನ ಚುಕ್ಕೆಗಳೂ ಅದರ ಕೆಲಸವೇ. ಎಲ್ಲ ಕ್ಯಾನಿನ ತಳವೂ ನೀಲಿ.

ನಾನು ಜೇಬಿನಿಂದ ಕೆಂಪು ಪಿನ್ನನ್ನು ತೆಗೆದು ತೋರಿಸಿ, ನಡೆದದ್ದನ್ನು ಬಿಡಿಸಿ ಹೇಳಿದೆ. ಜಗುಲಿಯ ಮೇಲೆ ನೆರೆಹೊರೆಯವರೆಲ್ಲ ಸೇರಿದ್ದರು.

"ಯಾರ ಕ್ಯಾನು?" ಎಂದು ಕೇಳಿದೆ.

ಒಬ್ಬರು ಮೋಡ ನೋಡಿದರು. ಒಬ್ಬರು ಎಲೆಗೆ ಸುಣ್ಣ ಹಚ್ಚತೊಡಗಿದರು, ಹಚ್ಚುತ್ತಲೇ ಇದ್ದರು. "ನಮ್ಮನೇದು ತೊಳೆದು ಬೋರಲು ಹಾಕಿದ್ದು" ಎಂದರು ಒಬ್ಬರು. "ನಮ್ಮನೇದ್ರಲ್ಲಿ ತುತ್ತ ಹಾಕೇ ಇಲ್ಲ" ಎಂದರು ಇನ್ನೊಬ್ಬರು. ಹೆಣ್ಣಿನ ತಂದೆ, "ಎಲ್ಲಾ ಒಂದೇ ತರ ಕ್ಯಾನು ಮಾರಾಯ್ರೆ, ಯಾವ್ದು ಯಾರದ್ದು ಅಂತ ಹೆಂಗೆ ಹೇಳದು?" ಎಂದು ನೆಲ ನೋಡಿದರು. ಪೊಲೀಸು, ಕೋರ್ಟು ಎಂದು ಹೆದರಿದ್ದಾರೆಂದು ತಿಳಿಯಿತು.

ನಾನು ಕಾನೂನಿನ ಮಾತು ಬಿಟ್ಟು ಮನೆಯ ಮಾತು ಆಡಿದೆ. "ನೋಡಿ, ಈ ಹುಡುಗಿಯ ತಪ್ಪಿಂದ ಬಿತ್ತು ಅಂತ ಅವರ ಕಂಪನಿ ಹೇಳ್ತಿದೆ. ನೀರು ಹೇಗೆ ಬಂತು ಅನ್ನೋದು ಸಿಗದಿದ್ರೆ ಇವಳ ಕೆಲಸ ಹೋಗುತ್ತೆ. ಮತ್ತೆಲ್ಲೂ ಸಿಗಲ್ಲ."

ಎಲ್ಲರೂ ಪೈಲಟ್ ಕಡೆ ನೋಡಿದರು. ಅವಳು ಉಳುಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ನಿಂತಿದ್ದಳು.

ಹೆಣ್ಣಿನ ತಂದೆ ಎದ್ದು ನಿಂತರು. "ಬರ್ಕೊಳ್ಳಿ. ನಮ್ಮನೇದೇ ಕ್ಯಾನು."

ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಎಲೆ ಎಸೆದರು. "ನಿಮ್ಮನೇದು ಹೆಂಗಾಗ್ತದೆ? ಅದು ನಮ್ಮನೇದು. ನಾನೇ ಹೊತ್ತಿದ್ದು."

"ನೀನೆಲ್ಲಿ ಹೊತ್ಯೋ? ನಿಂಗೆ ಸೊಂಟ ನೋವಲ್ದಾ? ಸಾರ್, ಅದು ನಮ್ಮನೇದು, ನನ್ನ ಹೆಸ್ರು ಹಾಕಿ."

"ಎಂತ ನಿಮ್ಮ ಹೆಸ್ರು? ನಮ್ಮನೆ ಕ್ಯಾನಿಗೆ ನಿಮ್ಮ ಹೆಸ್ರು ಎಂತಕ್ಕೆ?"

ಗದ್ದೆಯ ಅಂಚು ಒತ್ತಿದಾಗ ಆಡುವ ಜಗಳವನ್ನು ಇವರು ತಪ್ಪು ತಮ್ಮದು ಎನ್ನಲಿಕ್ಕೆ ಆಡುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ "ನಾನಲ್ಲ" ಎನ್ನುವವರನ್ನು ಮಾತ್ರ ಕಂಡವನು ನಾನು. ಏನು ಮಾಡಬೇಕೆಂದು ತೋಚದೆ ಜೊತೆಗಾರನ ಮುಖ ನೋಡಿದೆ. "ನೋಡೋಣ" ಎಂದ.

ಅಷ್ಟರಲ್ಲಿ ಹೆಣ್ಣಿನ ತಾಯಿ ಹಿತ್ತಿಲ ಕಡೆಯಿಂದ ಬಂದರು. ಕೈಯಲ್ಲಿ ಒಂದು ಬಿಳಿ ಕ್ಯಾನು, ಹಿಡಿಕೆಗೆ ಹಸಿರು ಸೀರೆಯ ಅಂಚು ಹರಿದು ಕಟ್ಟಿತ್ತು. ಕಾರ್ಯದ ಮನೆಯಲ್ಲಿ ಪಾತ್ರೆ ಪಗಡ ಅದಲುಬದಲಾಗದಿರಲಿ ಎಂದು ಮಾಡಿಕೊಂಡ ಗುರುತು. ಮೂಸಿದೆ. ನೆಗಡಿ ಅಷ್ಟರಲ್ಲಿ ಇಳಿದಿತ್ತು, ಪೆಟ್ರೋಲ್ ವಾಸನೆ ಘಮ್ಮೆಂದಿತು.

"ಸಾಕು ಮಾಡಿ ಜಗಳ. ಇದೇ ಕ್ಯಾನು" ಎಂದರು. "ಚಪ್ಪರದ ಹಿಂದಿನ ದಿನ ತುತ್ತ ಔಷಧಿ ಬ್ಯಾರಲ್ಲಿಗೆ ಸುರಿದು, ತೊಳೆಯನ ಅಂತ ಒಂದೆರಡು ಚೊಂಬು ನೀರು ಹಾಕಿ ನಾನೇ ಇಟ್ಟಿದ್ದೆ. ಮದುವೆ ಗಡಿಬಿಡೀಲಿ ಮರ್ತೇ ಹೋತು."

ಸೊಂಟ ನೋವಿನವರು ಮೆಲ್ಲಗೆ ಹೇಳಿದರು. "ತಳದಲ್ಲಿ ನೀಲಿ ಕಾಣ್ತಿತ್ತು ಸಾರ್. ಟೆಂಪೋದಿಂದ ಬರದೂ ನೀಲಿ. ಆಗ್ಲೇ ತುಂಬಕ್ಕೆ ಶುರು ಮಾಡಿದಾರೆ ಅಂತ ಅದ್ರ ಮೇಲೇ ಹಿಡ್ಸಿದ್ವಿ."

ನೀರು ತಡೆಯುವ ಜರಡಿಯ ಆಲಿಕೆಯನ್ನು ಕಂಪನಿಯವರು ತಂದಿರಲೇ ಇಲ್ಲವಂತೆ, ಮೆಕ್ಯಾನಿಕ್ ಪಂಚೆಯ ತುಂಡಿನಲ್ಲಿ ಸೋಸಿದ್ದನಂತೆ. ನಾನು ಜಗುಲಿಯಿಂದಲೇ ಮ್ಯಾನೇಜರನಿಗೆ ಫೋನ್ ಹಚ್ಚಿದೆ. ಎಲ್ಲ ಕೇಳಿ, "ಹಂಗಾದ್ರೆ ಊರವರ ತಪ್ಪು ಸರ್!" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಮದುವೆ ಮನೆ ಕ್ಯಾನಲ್ಲಿ ಹೆಲಿಕಾಪ್ಟರಿಗೆ ಪೆಟ್ರೋಲ್ ತುಂಬಿಸ್ರಪ್ಪ ಅಂತ ಊರ್ನೋರು ಬಂದು ಕೇಳಿದ್ರೇನ್ರೀ ನಿಮ್ಮನ್ನ? ನಿಮ್ಮ ಕ್ಯಾನೆಲ್ಲಿ, ನಿಮ್ಮ ಆಲಿಕೆ ಎಲ್ಲಿ? ಅದನ್ನೇ ಮೊದಲ ಸಾಲಿಗೆ ಬರೀತೀನಿ. ಎಂಜಿನ್ ನಿಂತ ಮೇಲೆ ಮೂರು ಜೀವ ಉಳಿಸಿದ ಪೈಲಟ್ ಅಂತ ಎರಡನೇ ಸಾಲು." ಅವನು ತಟ್ಟನೆ ಧ್ವನಿ ಇಳಿಸಿ, "ಕೈ ವಾಸಿಯಾದ ಮೇಲೆ ಕೆಲಸಕ್ಕೆ ಬರೋಕೆ ಹೇಳಿ ಸರ್" ಎಂದ.

ನಾನು ಹೇಳಿದ ಕೂಡಲೇ ಜಗುಲಿಯಲ್ಲಿ ಗದ್ದಲವೋ ಗದ್ದಲ. ಪೈಲಟ್ ಹುಡುಗಿ ಕಂಬಕ್ಕೆ ಒರಗಿ ಕೂತಳು. ಆದರೆ ಹೆಣ್ಣಿನ ತಾಯಿ ಕ್ಯಾನು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

"ನನ್ನ ಹೆಸ್ರು ಬರೀತೀರಾ ಸಾರ್?"

"ಇಲ್ಲ ಅಮ್ಮ. ನಾವು ಹೆಸರು ಬರೆಯೋರಲ್ಲ. ಏನಾಯ್ತು, ಮತ್ತೆ ಆಗದೆ ಇರೋಕೆ ಏನು ಮಾಡಬೇಕು, ಅಷ್ಟೇ ಬರೆಯೋದು. ಬಣ್ಣ ನೋಡಿ ನಂಬಬೇಡಿ, ಮೂಸಿ ನೋಡಿ, ಕೈಮೇಲೆ ಹಾಕ್ಕೊಂಡು ನೋಡಿ ಅಂತ."

ಅವರು ಕ್ಯಾನು ಕೆಳಗಿಟ್ಟು ಪೈಲಟ್ ಪಕ್ಕ ಕೂತರು. ಅವಳ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ತಮ್ಮ ಮಡಿಲಿಗೆ ಎತ್ತಿಕೊಂಡರು.

"ನನ್ನ ಮಗಳನ್ನ ನಾನೇ ಬೀಳಿಸಿದ್ದು" ಎಂದರು. "ನೀನು ಹಿಡ್ಕಂಡೆ ಮಗಾ."

ಹೆಣ್ಣಿನ ತಂದೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಪೈಲಟ್ ಒಮ್ಮೆ ಮೂಗೆಳೆದಳು. ಆಮೇಲೆ ಹೇಳಿದಳು.

"ಹಂಗಾರ ಇನ್ನೊಂದು ಹೋಳಿಗಿ ಕೊಡ್ರಿ ಅಮ್ಮಾ. ಆದ್ರ ಈ ಸಲ ನಾ ಒಳಗ ಕುಂದ್ರಂಗಿಲ್ಲ. ಜೀಪಿನ ಹತ್ರನ ನಿಂತು ತಿಂತೇನಿ, ಪೆಟ್ರೋಲ್ ಯಾರು ಹಾಕ್ತಾರ ನೋಡ್ಬೇಕ್ರಿ!"

ಜಗುಲಿಗೆ ಜಗುಲಿಯೇ ಬಿದ್ದು ಬಿದ್ದು ನಕ್ಕಿತು. ಅಮ್ಮ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು. ಅವರ ಹಿಂದೆಯೇ ನಾನು, "ನನಗೂ ಅಮ್ಮ, ತುಪ್ಪ ಜಾಸ್ತಿ" ಎಂದು ಕೂಗಿ ಹೇಳಿದೆ.